ಅಯಸ್ಕಾಂತ ಅಂಟದ ಜಾಗ

ಬ್ರೋಕನ್ ಹಿಲ್‌ನ ನಡುಬೀದಿಗಳಿಗೆ
ಅದಿರಿನ ವಂಶದ ಹೆಸರು.
ಆಕ್ಸೈಡ್, ಕ್ಲೋರೈಡ್, ಸಲ್ಫೈಡ್ ದಾಟಿ
ಬ್ರೋಮೈಡ್ ಮೂಲೆಯಲ್ಲಿ ತಿರುಗಿ ಬಂದರೆ
ಒಂದು ಸುತ್ತು.
ಆರ್ಜೆಂಟ್ ಬೀದಿ ಎಂದರೆ ಬೆಳ್ಳಿಬೀದಿ;
ಶುಕ್ರವಾರ ರಾತ್ರಿ ನಮ್ಮ ಬೆಳ್ಳಿಯೆಲ್ಲ
ಅಲ್ಲೇ ಹೊಗೆಯಾಗಿ ಹೋಗುತ್ತಿತ್ತು.

ಅರವತ್ತರ ಮಾತು. ನನಗಾಗ ಹನ್ನೊಂದು.
ಅಣ್ಣ ಡೆನ್ಜಿಲ್, ಯಾರದೋ ಕುರಿಹಟ್ಟಿಯ ಹಿಂದೆ
ಒಣಹಳ್ಳದಲ್ಲಿ ಕಂಡ
ಮೂವತ್ತನಾಲ್ಕರ ಫೋರ್ಡ್ ಕೂಪೆ.
ಒಳಗೆ ಕೋಳಿಗಳು ಸಂಸಾರ ಹೂಡಿದ್ದವು.
ಕೊಟ್ಟದ್ದು ಎರಡು ಪೌಂಡು, ಒಂದು ಬಾಟಲಿ ರಮ್ಮು.
ಟ್ರೇಲರಿನಿಂದ ಇಳಿಸುವಾಗ ಅಮ್ಮ ಅಂದಳು:
"ಹೆಣ ತಂದಿದ್ದೀಯ, ಹೂಳುವವರು ಯಾರು?"

ಮೂರು ವರ್ಷ ಶೆಡ್ಡಿನಲ್ಲಿ ಆ ಹೆಣದ ಬಾಣಂತನ.
ಚಾವಣಿಯನ್ನು ನಾಲ್ಕು ಬೆರಳು ಕುಯ್ದು ತಗ್ಗಿಸಿದ.
ಕಸ್ಟಮ್‌ಲೈನಿನ ವಿ-ಎಂಟು ಎಂಜಿನ್ನನ್ನು
ಪಕ್ಕದ ಮನೆಯ ಪೆಪ್ಪರ್ ಮರಕ್ಕೆ ಸರಪಳಿ ಬಿಗಿದು ಎತ್ತಿದ;
ಕೊಂಬೆ ಮುರಿಯಿತು,
ನೆರೆಯವಳು ಮಾತು ಬಿಟ್ಟಳು.

ಬೆಸುಗೆಯ ಗಾಯ ಮುಚ್ಚಲು ಸೀಸ.
ಊರಿನ ಹೊಟ್ಟೆಯೊಳಗಿಂದಲೇ ಬಂದದ್ದು,
ಅಪ್ಪ ಇಪ್ಪತ್ತೆರಡು ವರ್ಷ ನೆಲದಡಿ ಅಗೆದದ್ದು,
ರೈಲು ಹತ್ತಿ ಕಡಲ ದಡಕ್ಕೆ ಹೋಗಿ ಕರಗಿ
ಕಡ್ಡಿಯಾಗಿ, ಅಂಗಡಿಯ ಬೆಲೆ ಹೊತ್ತು ವಾಪಸಾದದ್ದು.
ಬ್ಲೋಲ್ಯಾಂಪ್ ನಾನು ಹಿಡಿಯಬೇಕು,
ಮರದ ಸೌಟಿಗೆ ಕೊಬ್ಬು ಸವರಿ ಅವನು ತೀಡಬೇಕು.
ಬಿಸಿ ಹೆಚ್ಚಾದರೆ ನೀರಾಗಿ ನೆಲಕ್ಕೆ;
ಕಡಿಮೆಯಾದರೆ ಹಟಮಾರಿ.
ನಡುವೆ ಒಂದೇ ಒಂದು ಗಳಿಗೆ
ಬೆಣ್ಣೆ.

ಒಂದು ಸಂಜೆ ಪಾಳಿ ಮುಗಿಸಿ ಬಂದ ಅಪ್ಪ
ಕೆಮ್ಮುತ್ತ ಹೊಸಿಲಲ್ಲೇ ನಿಂತು ನೋಡಿದ.
"ಅದು ನನ್ನ ಸೀಸ ಕಣೋ" ಅಂದವನೇ
ಸೌಟು ಕಿತ್ತುಕೊಂಡು
ಎಡಬಾಗಿಲ ಹಿಂದಿನ ಒಂದು ಗೇಣು
ತಾನೇ ತೀಡಿದ.
ಕೆಟ್ಟದಾಗಿ ತೀಡಿದ.
ಅಂಗೈಯಗಲದ ಬಾಸುಂಡೆ ಕಂಡರೂ
ಅರ ಹಾಕದ ಅಂಚಿಲ್ಲದ ಡೆನ್ಜಿಲ್
ಅಲ್ಲಿ ಮಾತ್ರ ಅರ ಹಾಕಲಿಲ್ಲ.

ಶುಕ್ರವಾರ ಏಳಕ್ಕೆ ಶುರು.
ಗಸ್ತು ತಿರುಗುವ ಸಾರ್ಜೆಂಟನ ನಡಿಗೆಗಿಂತ ನಿಧಾನ.
ಮೊಣಕೈ ಕಿಟಕಿಯಾಚೆ ಇರಬೇಕು, ಅದು ಕಾನೂನು.
ಹಿಂದೆ ಸೀಟಿಲ್ಲ, ಟೂಲ್ ಪೆಟ್ಟಿಗೆಯ ಮೇಲೆ ನಾನು;
ಮುಂದೆ ನೆವೆಂಕಾ, ಅವಳ ಮಡಿಲಲ್ಲಿ
ವಿನೆಗರ್ ತೊಟ್ಟಿಕ್ಕುವ ಚಿಪ್ಸಿನ ಪೊಟ್ಟಣ.
ಎಕ್ಸಾಸ್ಟಿನ ಗುಡುಗಿಗೆ ಪಬ್ಬಿನ ಬಾಲ್ಕನಿಗಳ
ಕಬ್ಬಿಣದ ಕಸೂತಿ ನಡುಗುತ್ತಿತ್ತು.
ಎದುರು ಬರುವುದು ಅವೇ ಹದಿನಾಲ್ಕು ಕಾರು, ಅವೇ ಮುಖ;
ಆದರೂ ಪ್ರತಿ ಸುತ್ತಿಗೂ
ಹಡಗಿನಿಂದ ಈಗಷ್ಟೇ ಇಳಿದವರ ಹಾಗೆ ಕೈಬೀಸು.
ಮಾಲ್ಟಾದವರ ಹುಡುಗ ಸಲ್ವು
ಮನೆಯ ಬ್ರೆಡ್ ವ್ಯಾನನ್ನೇ ತರುತ್ತಿದ್ದ,
ಅದಕ್ಕೂ ಎರಡು ಕ್ರೋಮ್ ಪೈಪು.
ಹನ್ನೊಂದು ಸುತ್ತಿಗೆ ಎಲ್ಲರ ಚಿಲ್ಲರೆ,
ಹನ್ನೆರಡನೆಯದಕ್ಕೆ ನನ್ನ ಸಿನಿಮಾ ಕಾಸು.

ಅಪ್ಪನನ್ನು ಗಣಿಯ ದೂಳು ಒಯ್ದಿತು.
ನೆವೆಂಕಾ ಕಟ್ಟಿಕೊಂಡದ್ದು ಬೇರೆಯವನನ್ನು;
ಗುರುವಾರಗಳಂದು ನನ್ನ ಜೊತೆ ಬೌಲ್ಸ್ ಆಡುತ್ತಾಳೆ,
ಮೋಸ ಮಾಡುತ್ತಾಳೆ.
ಡೆನ್ಜಿಲ್ ಈ ಮಾರ್ಚಿನಲ್ಲಿ.

ನಿನ್ನೆ ಅಡಿಲೇಡಿನಿಂದ ಕೊಳ್ಳುವವನೊಬ್ಬ ಬಂದಿದ್ದ.
ಶುಭ್ರ ಶೂ. ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ,
ಹಸಿರು ಗಿಳಿಯ ಆಕಾರದ್ದು.
ಕಾರಿನ ಮೈಮೇಲೆ ಒಂದೊಂದು ಕಡೆ ಇಟ್ಟು ನೋಡಿದ.
ಟಕ್. ಟಕ್. ಟಕ್.
ಎಡಬಾಗಿಲ ಹಿಂದೆ ಗಿಳಿ ಕೂರಲಿಲ್ಲ,
ಜಾರಿ ಕೆಂಪು ದೂಳಿಗೆ ಬಿತ್ತು.

"ಇಲ್ಲಿ ಏನೋ ತುಂಬಿದ್ದಾರೆ" ಎಂದ,
ಬೆಲೆ ಇಳಿಸುವ ದನಿಯಲ್ಲಿ.
"ಹೌದು" ಎಂದೆ.
ಬಗ್ಗಿ ಗಿಳಿಯನ್ನೆತ್ತಿ, ದೂಳು ಒರೆಸಿ ಕೊಟ್ಟೆ.
ಕೀ ನನ್ನ ಅಂಗೈಯಲ್ಲೇ ಬೆವೆತಿತ್ತು.
"ನಿಮ್ಮ ಹತ್ತಿರ ಜಂಪ್ ಕೇಬಲ್ ಇದೆಯೇ?" ಕೇಳಿದೆ,
"ಬ್ರೋಮೈಡ್ ಮೂಲೆಯವರೆಗೆ ಹೋಗಿ ಬರಬೇಕು."