ಫೆಬ್ರವರಿಯ ಫೋನು

ಗುಂಡಿ ಸರ್ಕಲ್ಲಿನ ಹತ್ತಿರ ಜಬೀವುಲ್ಲಾ ಚಾಚಾನ ಜೆರಾಕ್ಸ್ ಅಂಗಡಿಯಲ್ಲಿ
ಸಂಜೆ ಐದರಿಂದ ಒಂಬತ್ತೂವರೆ
ಊರ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುವವಳು ನಾನು.
ಆಧಾರ್ ಹೇಳು. ಒಟಿಪಿ ಬಂತಾ?
ಅಪ್ಪನ ಆದಾಯ ಎಷ್ಟು?
ಹಮಾಲರ ಹುಡುಗ ತಲೆ ತಗ್ಗಿಸಿ ಹೇಳುತ್ತಾನೆ,
ಬಟ್ಟೆ ಅಂಗಡಿಯವರ ಮಗಳು ದನಿ ತಗ್ಗಿಸಿ
ಅದಕ್ಕಿಂತ ಕಡಿಮೆ ಹೇಳುತ್ತಾಳೆ.
ಟೈಪ್ ಮಾಡುತ್ತೇನೆ. ನನಗೇನು.

ನನ್ನದು ಮಾತ್ರ ಎರಡು ವರ್ಷದಿಂದ ವಾಪಸ್ಸು.
ಪುಷ್ಪಲತಾ ಹೆಚ್., ಬಿಕಾಂ ಕೊನೇ ವರ್ಷ.
ಹೆಚ್ ಅಂದರೆ ಹಾಲೇಶಪ್ಪ,
ಹರಿಹರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್.
ಅಲ್ಲೇ ಮನೆ, ಅಲ್ಲೇ ಇನ್ನೊಬ್ಬಳು, ಇಬ್ಬರು ಹುಡುಗರು.
ಅರ್ಧ ಗಂಟೆಯ ದಾರಿ;
ಒಂಬತ್ತು ವರ್ಷದಲ್ಲಿ ಒಂದು ಬಸ್ಸೂ ಸಿಕ್ಕಿಲ್ಲ ಅವನಿಗೆ.

ನಾಡಕಚೇರಿಯಲ್ಲಿ ಕೇಳಿದರು:
‘ಅಪ್ಪ ಅದಾನಲ್ಲ?’
ಅದಾನೆ ಸರ್.
‘ಡೈವರ್ಸ್ ಆಗೇತಾ?’
ಇಲ್ಲ ಸರ್.
‘ಹಂಗಾರೆ ಅವರ ಸಂಬಳ ಹಿಡೀಲೇಬೇಕಮ್ಮ.’
ಸತ್ತಿದ್ದರೆ ಅದಕ್ಕೊಂದು ಪತ್ರವಿದೆ, ಮೊಹರಿದೆ.
ಬಿಟ್ಟುಹೋದದ್ದಕ್ಕೆ ನಮೂನೆ ಅಚ್ಚಾಗಿಲ್ಲ.
ನಿಟುವಳ್ಳಿಯ ಮೆಸ್ಸಿನಲ್ಲಿ ನಮ್ಮವ್ವ
ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಾಳೆ;
ಆ ರೊಟ್ಟಿ ಎಣಿಸುವ ಕಾಲಮ್ಮೂ ಇರಲಿಲ್ಲ.
ಯಾರ ಅವಲಂಬಿತಳೂ ಅಲ್ಲ ಅಂತ ಬರೆದುಕೊಡಲಾ, ಅಂದೆ.
ನಕ್ಕರು.
‘ಮದುವಿ ಆಗೇತೇನು?’

ಫೆಬ್ರವರಿಯಲ್ಲಿ ಫೋನು ಬರುತ್ತದೆ, ತಪ್ಪದೆ.
‘ಪುಷ್ಪಾ, ಫೀ ಕಟ್ಟಿದ ರಸೀದಿ ಫೋಟೊ ಹೊಡದು ಕಳಸವ್ವ,
ಟ್ಯಾಕ್ಸಿಗೆ ತೋರಿಸ್ಬೇಕು.’
ಕಟ್ಟಿದ್ದು ನಾನು.
ಪುಟಕ್ಕೆ ಎರಡು ರೂಪಾಯಿಯಂತೆ ಬಂದದ್ದರಲ್ಲಿ ನನ್ನ ಪಾಲು,
ಸಾಲದ್ದಕ್ಕೆ ಅವ್ವನ ಸೆರಗಿನ ಗಂಟು.
ಅವನ ತೆರಿಗೆಯಲ್ಲಿ ನಾನು ವಿನಾಯಿತಿ,
ನನ್ನ ಅರ್ಜಿಯಲ್ಲಿ ಅವನು ಆದಾಯ.
ಮೂರು ವರ್ಷ ಲೆಕ್ಕಶಾಸ್ತ್ರ ಓದಿದರೂ
ಈ ತಾಳೆಪಟ್ಟಿ ಕೂಡಿಬರಲಿಲ್ಲ.

ಎರಡು ಸಲ ಕಳಿಸಿದ್ದೆ. ಯಾಕೆ ಅಂತ ಕೇಳಬೇಡಿ.
ಕೊನೆಗೆ ‘ಊಟ ಆತಾ?’ ಅನ್ನುತ್ತಾನೆ,
ಉತ್ತರಕ್ಕೆ ಕಾಯುತ್ತಾನೆ ಕೂಡ.

ಈ ಸಲ ರಸೀದಿಯನ್ನು ಗಾಜಿನ ಮೇಲೆ ಬೋರಲು ಹಾಕುವ ಮೊದಲು
‘ಪಾವತಿಸಿದವರು’ ಎಂಬಲ್ಲಿ ನನ್ನ ಸಹಿಯ ಕೆಳಗೆ
ಪೆನ್ನಿನಿಂದ ಒಂದು ಗೆರೆ ಎಳೆದೆ.
ಹಸಿರು ಬೆಳಕು ಅಡಿಯಿಂದ ಹಾದುಹೋಯಿತು.
ಒಂದು ಪ್ರತಿ ನಾಡಕಚೇರಿಗೆ, ಒಂದು ಅವನಿಗೆ.
ಕಾಗದ ಇನ್ನೂ ಬಿಸಿಯಿತ್ತು ಕೈಯಲ್ಲಿ,
ಅಷ್ಟರಲ್ಲಿ ಮುಂದಿನ ಹುಡುಗ ಬಂದು ನಿಂತ.

ಅಪ್ಪನ ಹೆಸರು ಹೇಳಪ್ಪ.
‘ಬರೀಲೇಬೇಕೇನಕ್ಕ?’
ಪರದೆ ಅವನ ಕಡೆ ತಿರುಗಿಸಿದೆ.
ಕೆಂಪು ನಕ್ಷತ್ರ ಐತಿ ನೋಡು, ಅಂದೆ,
ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ.