ಓದಬೇಡ, ಎಣಿಸು

ಮಂಡಿ ಕೊಯ್ದ ಡಾಕ್ಟರು ನಡೆಯಿರಿ ಅಂದರು.
ಸುಮ್ಮನೆ ನಡೆಯುವುದು ನನ್ನಿಂದಾಗದು,
ನೆಪ ಬೇಕು.
ಮೊಮ್ಮಗಳು ಫೋನಿನಲ್ಲಿ ಅದೇನೋ ಹಾಕಿಕೊಟ್ಟಳು:
ಯಾರೋ ಬಚ್ಚಿಟ್ಟ ಡಬ್ಬಿ, ಯಾರೋ ಹುಡುಕುವುದು,
ಸಿಕ್ಕರೆ ಹೆಸರು ಬರೆದು
ಇದ್ದಲ್ಲೇ ಇಟ್ಟು ಬರುವುದು.
ಇಷ್ಟೇನಾ? ಅಂದೆ.
ಇಷ್ಟೇ, ಅಂದಳು.

ಮನೆಗೆ ಹತ್ತಿರದ್ದು ಮಾರ್ಸೆಲೀನ್ ಕಾರ್ಡಿನಲ್ ಇಟ್ಟದ್ದು,
ಶಾಲೆಯ ಬಸ್ಸು ಓಡಿಸುವ ಹೆಂಗಸು.
ಡಬ್ಬಿಗೆ ಹೆಸರು: ‘ಹೆದ್ದಾರಿಯ ಲೆಕ್ಕ’.
ನನಗೋ ನಗು.
ಉತ್ತರ ಆಲ್ಬರ್ಟಾದ ಈ ಹೆದ್ದಾರಿಯಲ್ಲಿ
ಇಪ್ಪತ್ತೆರಡು ಚಳಿಗಾಲ ಹಿಮ ದೂಡಿದವನು,
ಗಾರ್ತ್ ಪ್ರೊಕೊಪ್‌ಚುಕ್, ನಾನು.
ಇದರ ಒಂದೊಂದು ಗುಂಡಿಗೂ ನನ್ನ ಬೆನ್ನಿನಲ್ಲಿ ರಸೀದಿ ಇದೆ.
ನನಗೆ ಲೆಕ್ಕ ಹೇಳುತ್ತಾಳಂತೆ.

ಅಕ್ಷಾಂಶದ ಕೊನೆಯ ಮೂರು ಅಂಕಿ ಖಾಲಿ ಬಿಟ್ಟಿದ್ದಳು.
ಮೊದಲನೆಯದು, ಸೇತುವೆಯಲ್ಲಿ ಕೊರೆದ ಇಸವಿಯ ಬಾಲ.
ಎರಡನೆಯದು, ಮುಚ್ಚಿದ ಬಂಕಿನ ಮುಂದೆ
ಪಂಪು ನಿಂತಿದ್ದ ಜಾಗದಲ್ಲಿ ಉಳಿದ ಬೋಲ್ಟುಗಳೆಷ್ಟು.
ಮೂರನೆಯದಕ್ಕೆ ಹಳೆಯ ಸುತ್ತುದಾರಿಗೆ ಇಳಿಯಬೇಕು,
ಹೊಸದನ್ನು ನೆಟ್ಟಗೆ ಮಾಡಿದಾಗ ಕೈಬಿಟ್ಟ ಎರಡು ಮೈಲಿ.
ಅಲ್ಲಿ ಡಾಂಬರು ಒಡೆದು ಒಳಗಿನದೆಲ್ಲ ಕಾಣುತ್ತದೆ,
ಕೊಯ್ದ ಬ್ರೆಡ್ಡಿನ ಹಾಗೆ:
ಮೇಲೆ ಕರಿ, ಅದರಡಿ ಜಲ್ಲಿ,
ಜಲ್ಲಿಯಡಿ ಅಡ್ಡಡ್ಡ ಹಾಸಿದ ಮರದ ದಿಮ್ಮಿ,
ದಿಮ್ಮಿಯಡಿ ಗಾಡಿಯ ಜಾಡು,
ಜಾಡಿನಡಿ, ಮಾರ್ಸೆಲೀನ್ ಬರೆದಿದ್ದಳು,
‘ಮೂಸ್ ಕಡವೆ ನಡೆದದ್ದು. ಮೊದಲ ಇಂಜಿನಿಯರು ಅದೇ.
ಜೌಗಿಗೆ ಎಂದೂ ಕಾಲಿಡಲಿಲ್ಲ.’

ಅಲ್ಲೇ ಇಲಾಖೆಯ ಹಿತ್ತಾಳೆ ಫಲಕ,
ರಸ್ತೆ ಕಡಿಯುವಾಗ ಜೌಗಿನಲ್ಲಿ ಹೋದವರ ನೆನಪಿಗೆ.
ನಾಲ್ಕು ಹೆಸರು; ಹುದ್ದೆ, ವಯಸ್ಸು.
ವರ್ಷಕ್ಕೊಮ್ಮೆ ಉಜ್ಜಿ ಹೊಳಪು ಕೊಡುತ್ತಿದ್ದವನು ನಾನೇ.
ಪ್ರಶ್ನೆ: ಇಲ್ಲಿ ಎಷ್ಟು ಜನ?
ಸುಳಿವು: ಓದಬೇಡ, ಎಣಿಸು.

ನಾಲ್ಕು, ಅಂತ ಒತ್ತಿದೆ.
ಬಾಣದ ಗುರುತು ಕರಿ ಸ್ಪ್ರೂಸ್ ಮರಗಳ ನಡುವೆ ಕರೆಯಿತು.
ಮೂವತ್ತು ಹೆಜ್ಜೆ ಪಾಚಿಯ ಮೆತ್ತೆ.
ಮೂವತ್ತೊಂದನೆಯದು
ಬಾಯಿ.
ಮಂಡಿ, ತೊಡೆ, ಜುಲೈ ತಿಂಗಳಲ್ಲೂ ಕಚ್ಚುವ ಕಪ್ಪು ನೀರು.
ಒಂದು ಬೂಟು ಅದಕ್ಕೇ ಕೊಟ್ಟು
ಸಿಕ್ಕ ಗಿಡದ ಕುತ್ತಿಗೆ ಹಿಡಿದು
ಹೊಟ್ಟೆಯ ಮೇಲೆ ತೆವಳಿ ಬಂದೆ.
ಸೊಳ್ಳೆಗಳು ನನ್ನನ್ನು ಓದಲೂ ಇಲ್ಲ, ಎಣಿಸಲೂ ಇಲ್ಲ,
ಹಂಚಿಕೊಂಡವು.

ಫಲಕಕ್ಕೆ ಒರಗಿ ಕಾಲುಚೀಲ ಹಿಂಡುವಾಗ
ಅದಕ್ಕೊಂದು ಬೆನ್ನಿರುವುದು ಕಂಡಿತು.
ಅಷ್ಟು ವರ್ಷ ಮುಖವನ್ನೇ ಉಜ್ಜಿದ್ದೆ.
ಬೆನ್ನಿನಾಚೆ ಎದೆಮಟ್ಟ ನೇರಳೆ ಹೂ,
ಹೂವಿನೊಳಗೆ ತೊಟ್ಟಿಲೆತ್ತರದ ಮರದ ಬೇಲಿಗಳು,
ಬಣ್ಣ ಹೋದವು, ಒಂದೊಂದರಲ್ಲೂ ಒಂದು ಶಿಲುಬೆ.
ಒಂದು, ಎರಡು, ಮೂರು, ನಾಲ್ಕು.
ಸ್ವಲ್ಪ ಈಚೆ, ದಾರಿಗೆ ಹತ್ತಿರ, ಗಿಡ್ಡದೊಂದು.

ಐದು ಅಂತ ಒತ್ತಿದರೆ ಬಾಣ ತಿರುಗಿತು,
ಒಣ ದಿಣ್ಣೆಯ ಮೇಲೆ, ಕಡವೆಯ ದಾರಿಯಲ್ಲೇ.
ಬಂಡೆಯಡಿ ಮಿಲಿಟರಿಯ ಗುಂಡಿನ ಡಬ್ಬಿ.
ಒಳಗೆ ಮೋಟು ಪೆನ್ಸಿಲು, ಸರ್ವೆಯ ಗೂಟ, ಒಂದು ಚೀಟಿ:

‘ನಮ್ಮ ಅಜ್ಜಿಯ ತಮ್ಮ ಅಲ್ಫೋನ್ಸ್. ಹದಿನಾರು ವಯಸ್ಸು.
ದಿನಗೂಲಿ, ಹಾಜರಿ ಪುಸ್ತಕದಲ್ಲಿ ಇರಲಿಲ್ಲ.
ಸುತ್ತಿ ಹೋಗಿ ಅಂದವನು.
ನಕ್ಷೆ ನೆಟ್ಟಗಿದೆ ಅಂದರಂತೆ.
ಬುಲ್ಡೋಜರು ಮುಳುಗಿದಾಗ
ಹಗ್ಗ ಹಿಡಿದು ಹೋದವನೂ ಅವನೇ.
ಇಲಾಖೆಗೆ ಹನ್ನೊಂದು ಕಾಗದ ಬರೆದೆ.
ಹನ್ನೆರಡನೆಯದು ಈ ಡಬ್ಬಿ.’

ಪುಸ್ತಕದಲ್ಲಿ ನನಗಿಂತ ಮುಂಚೆ ಬಂದವರು:
‘ಮೊದಲು ಒದ್ದೆಯಾದೆ.’ ‘ನಾನೂ.’ ‘ಸೊಂಟದವರೆಗೆ.’
ನಾನು ಹೆಸರು ಬರೆದು, ಕೆಳಗೆ
‘ಒಂದು ಬೂಟು’ ಅಂತ ಸೇರಿಸಿದೆ.
ಫಲಕ ಉಜ್ಜುತ್ತಿದ್ದವನು ಅಂತ ಬರೆಯಲು
ಪೆನ್ಸಿಲು ಎತ್ತಿ, ಇಳಿಸಿದೆ.
ಏನಾದರೂ ಬಿಟ್ಟುಹೋಗಬೇಕಂತೆ, ಪದ್ಧತಿ.
ಜೇಬಿನಲ್ಲಿ ಯೋಗ್ಯವಾದ್ದೇನೂ ಇರಲಿಲ್ಲ.
ಉಳಿದ ಬೂಟಿನ ಲೇಸು ಬಿಚ್ಚಿ ಇಟ್ಟೆ.

ವಾಪಸು ಎರಡು ಮೈಲಿ.
ಬರಿಗಾಲಿಗೆ ಡಾಂಬರಿನ ಬಿಸಿ, ಜಲ್ಲಿಯ ಹಲ್ಲು,
ಕೊಳೆತ ದಿಮ್ಮಿಯ ಮೆತ್ತನೆ,
ಒಂದು ಕಡೆ ಬರೀ ಮಣ್ಣು, ತಂಪು.
ಬೂಟಿದ್ದ ಕಾಲಿಗೆ
ಏನೂ ಗೊತ್ತಾಗಲಿಲ್ಲ.