ಎಫ್ ಏಳು

ಗಂಟೆಗೊಮ್ಮೆ ರೇಡಿಯೋ ಒಂದಕ್ಷರ, ಒಂದಂಕಿ ಹೇಳುತ್ತಿತ್ತು.
ವನುವಾಟುವಿನ ನಕ್ಷೆ ತುಂಬ ಚೌಕದ ಮನೆಗಳು.
ನಾಲ್ಕನೇ ಕ್ಲಾಸು ಮುಟ್ಟಿದವಳು ನಮ್ಮಲ್ಲಿ ನಾನೊಬ್ಬಳೇ,
ಪೆನ್ಸಿಲ್ ನನ್ನ ಕೈಗೆ ಬಂತು.

"ಎಲ್ಲಿಗೆ ಬಂತೇ?" ಅಜ್ಜಿ ಲೇಸಾವಿ ಕೇಳುವಳು,
ನೆಂಟರ ಹಡಗಿನ ಸುದ್ದಿ ಕೇಳಿದ ಹಾಗೆ.
"ಇ ಐದು."
ಆಮೇಲೆ, "ಇ ಆರು."
ಚುಕ್ಕಿಗೆ ಚುಕ್ಕಿ ಕೂಡಿ ಗೆರೆ ಬಗ್ಗುತ್ತ ಬಗ್ಗುತ್ತ ನಮ್ಮ ಕಡೆಗೇ.
ನಮ್ಮ ದ್ವೀಪವೋ, ಪೆನ್ಸಿಲ್ ಮೊನೆ ಇಟ್ಟರೆ ಮುಚ್ಚಿಹೋಗುವಷ್ಟು.

ಅಜ್ಜಿ ಮರಗೆಣಸಿನ ತಲೆ ಸವರಿದಳು ಸಾಲಿಗೆ ಸಾಲು:
"ಗಾಳಿಯ ಕೈಗೆ ಜುಟ್ಟು ಸಿಗಬಾರದು."
ದೀವಿಹಲಸು ಎಲೆ ಸುತ್ತಿಕೊಂಡು ಗುಂಡಿಗಿಳಿಯಿತು.
ಮಾವ ಕಲ್ಮೆಟ್ ಹೊಸ ದೋಣಿಯನ್ನು
(ಇನ್ನೂ ಬಣ್ಣದ ವಾಸನೆ)
ಪಡುವಣ ಕೊಲ್ಲಿಗೆ ಒಯ್ದು ಕಟ್ಟಿಬಂದ.
ಬರುವ ಗಾಳಿ ಮೂಡಣದ್ದು, ಅಲ್ಲಾದರೆ ಗುಡ್ಡದ ಮರೆ.

"ಎಫ್ ಏಳು" ಎಂದಿತು ರೇಡಿಯೋ,
ಮತ್ತೇನೋ ಹೇಳಹೊರಟು ಗೊರಗೊರ ಅಂದು ಸುಮ್ಮನಾಯಿತು.

ಆ ರಾತ್ರಿ ನನಗೆ ಅಷ್ಟಾಗಿ ಗೊತ್ತಿಲ್ಲ.
ಚಾಪೆಯಲ್ಲಿ ಸುತ್ತಿಟ್ಟಿದ್ದರು. ಕಿವಿ ನೋಯುತ್ತಿತ್ತು.
ಗೋಡೆ ಉಸಿರಾಡುತ್ತಿತ್ತು.
ಯಾವಾಗಲೋ ಎಲ್ಲ ನಿಂತಿತು.
ಮಾಡು ಹಾರಿದ ಕಡೆ ನಕ್ಷತ್ರ!
ಎಲ್ಲೋ ಒಂದು ನಾಯಿ ಬೊಗಳಿತು.
ಮಾವ ಟಾರ್ಚು ಹಿಡಿದು ಎದ್ದ.
"ದೋಣಿ ನೋಡಿಕೊಂಡು ಬಂದೆ."
ಬಂದೆ ಎಂದೇ ಅಂದ, ಇನ್ನೂ ಹೋಗದೆ.

ಗಾಳಿ ತಿರುಗಿ ಬಂದದ್ದು ಪಡುವಣದಿಂದ,
ಕಡಲನ್ನು ಬೆನ್ನಿಗೆ ಕಟ್ಟಿಕೊಂಡು.

ದೋಣಿ ಸಿಕ್ಕಿತು, ಶಾಲೆ ಹಿಂದಿನ ಆಲದ ಕೊಂಬೆಯಲ್ಲಿ.
ಟಾರ್ಚೂ ಸಿಕ್ಕಿತು.
ಬಾವಿಯ ನೀರು ಉಪ್ಪು. ಉಳಿದ ಎಲೆಯೆಲ್ಲ ಕಂದು, ಬೆಂಕಿ ನೆಕ್ಕಿದ ಹಾಗೆ.

ಒಂಬತ್ತನೇ ದಿನ ಅಜ್ಜಿ ನಕ್ಷೆ ಒಣಗಿಸಿ ಹರಡಿದಳು,
ನನ್ನ ಕೈ ಹಿಡಿದು ತೋಟಕ್ಕೆ ನಡೆದಳು.
ಅಡಿಯ ತೆಂಗುಗಳು ಪಡುವಣಕ್ಕೆ ತಲೆ ಇಟ್ಟಿದ್ದವು,
ಅವುಗಳ ಮೇಲೆ ಬಿದ್ದವು ಮೂಡಣಕ್ಕೆ.
"ಮೊದಲು ಹೀಗೆ. ಆಮೇಲೆ ಹೀಗೆ. ನಡುವೆ ನಿಂತಿತ್ತಲ್ಲ,
ಅಂದರೆ ನಮ್ಮ ನೆತ್ತಿಯ ಮೇಲೇ ದಾಟಿದೆ. ಎಳೀ ಗೆರೆ."
ಎಳೆದೆ. ದ್ವೀಪ ಮುಚ್ಚಿಹೋಯಿತು.

ತಿಂಗಳಾದ ಮೇಲೆ ಪೋರ್ಟ್ ವಿಲಾದಿಂದ ಒಬ್ಬ ಆಫೀಸರ ಬಂದ,
ಅಕ್ಕಿ, ಟಾರ್ಪಾಲು, ಜೊತೆಗೆ ಅಚ್ಚಾದ ನಕ್ಷೆ.
ಅವನ ಗೆರೆ ನಮ್ಮಿಂದ ಕೂದಲೆಳೆ ಮೂಡಣಕ್ಕೆ, ಬರೀ ನೀರಿನ ಮೇಲೆ.
ನಾನು ರಬ್ಬರು ಹುಡುಕತೊಡಗಿದೆ.
ಅಜ್ಜಿ ಬೇಡವೆಂದು ಕೈ ತಡೆದು ಅವನನ್ನು ಕೇಳಿದಳು:
"ನಡುವೆ ಎಷ್ಟು ಹೊತ್ತು ನಿಂತಿತ್ತು?"
ಕಾಗದ ತಿರುವಿ ಅಂದ,
"ಇಲ್ಲಿ, ಸುಮಾರು ಇಪ್ಪತ್ತೆರಡು ನಿಮಿಷ."

"ಕೊಲ್ಲಿಗೆ ಹೋಗಲು ಹದಿನೈದು" ಅಂದಳು ಅಜ್ಜಿ,
ಯಾರಿಗೂ ಅಲ್ಲ.
"ಬರಲು ಹದಿನೈದು."